ರಾಮೇಶ್ವರದ ಹಾದಿ

ಕಾಶಿಗೆ ಹೋಗಿಬಂದವನು ರಾಮೇಶ್ವರವನ್ನೂ ಕಂಡಲ್ಲದೆ ಯಾತ್ರೆ ಪೂರ್ಣವಾಗದೆಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿದ್ದಿತು. ಸೇತುವಿನ ಮರಳನ್ನು ಕೊಂಡೊಯ್ದು ಗಂಗೆಯಲ್ಲಿ ಬಿಡುವುದು, ಗಂಗೆಯ ನೀರನ್ನು ಹೊತ್ತು ತಂದು ರಾಮನಾಥನಿಗೆ ಅಭಿಷೇಕ ಮಾಡಿಸುವುದು, ಹೀಗೆ ಉತ್ತರ ದಕ್ಷಿಣಗಳ ನಂಟನ್ನು ಯಾತ್ರಿಕರು ಬಹುಕಾಲ ತಮ್ಮ ಕಾಲ್ನಡಿಗೆಯಿಂದಲೇ ಉಳಿಸಿಕೊಂಡು ಬಂದರು. ಆದರೆ ರಾಮೇಶ್ವರವು ದ್ವೀಪ. ಮಂಟಪವೆಂಬ ಊರಿನಲ್ಲಿ ನೆಲ ಮುಗಿಯುವುದು. ಆಚೆಗೆ ಸುಮಾರು ಎರಡು ಕಿಲೊಮೀಟರ್ ಅಗಲದ ಪಾಂಬನ್ ಜಲಸಂಧಿ. ಕಾಲ್ನಡಿಗೆಯ ಬಲ ಅಲ್ಲಿಗೆ ನಿಂತಿತು. ಮುಂದೆ ದಾಟಿಸುವವರಾರು? ಈ ಕ್ಷೇತ್ರದ ಚರಿತ್ರೆಯನ್ನು ಈ ಪ್ರಶ್ನೆಯಿಂದಲೇ ಆರಂಭಿಸುವುದು ಉಚಿತವೆಂದು ನಮಗೆ ತೋರುತ್ತದೆ.

ದಾರಿ ಕಾಯುವ ಕೆಲಸವೇ ಇಲ್ಲಿ ದೊರೆತನದ ಹೆಸರಾಯಿತು. ರಾಮನಾಥಪುರದ ಮರವ ಕುಲದ ಅರಸರ ಬಿರುದು 'ಸೇತುಪತಿ', ಎಂದರೆ ಸೇತುವಿನ ಒಡೆಯ. 17ನೆಯ ಶತಮಾನದ ಆರಂಭದಲ್ಲಿ ಮಧುರೆಯ ಮುತ್ತುಕೃಷ್ಣಪ್ಪ ನಾಯಕನು ಸಡೈಕ್ಕ ತೇವನನ್ನು ಆ ಪದವಿಯಲ್ಲಿರಿಸಿದನು. ಕಳ್ಳಕಾಕರ ಭಯವಿದ್ದ ಆ ಸೀಮೆಯಲ್ಲಿ ಯಾತ್ರಿಕರು ಕ್ಷೇಮವಾಗಿ ಹೋಗಿಬರುವಂತೆ ನೋಡಿಕೊಳ್ಳುವುದು ಅವನ ಹೊಣೆಯಾಯಿತು. ಗೆದ್ದ ಯುದ್ಧಗಳಿಂದ ಬಿರುದು ಪಡೆದ ಅರಸರು ಹಲವರುಂಟು. ನಡೆದುಹೋಗುವ ಬಡ ಯಾತ್ರಿಕನ ರಕ್ಷಣೆಯಿಂದ ಬಿರುದು ಪಡೆದವರು ವಿರಳ.

ಇನ್ನು ದೇವಾಲಯವನ್ನು ಹೊಗೋಣ. ಮೂರನೆಯ ಪ್ರಾಕಾರದ ಕೈಸಾಲೆಯನ್ನು ಕೇಳುಗರಲ್ಲಿ ಅನೇಕರು ಕಂಡಿರಬಹುದು. ಅಲ್ಲಿನ ಕಂಬಗಳ ಸಂಖ್ಯೆ 1212 ಎಂದು ಹೇಳುವರು. ಎಲ್ಲ ಕೈಸಾಲೆಗಳನ್ನೂ ಸೇರಿಸಿದರೆ ಉದ್ದ 4000 ಅಡಿಗೆ ಹತ್ತಿರವಾಗುವುದು. 18ನೆಯ ಶತಮಾನದಲ್ಲಿ ಸೇತುಪತಿಗಳು ಕಟ್ಟಿಸಿದ ಈ ಕೈಸಾಲೆಯನ್ನು ಪೂರ್ಣಗೊಳಿಸಿದವನು ಮುತ್ತುರಾಮಲಿಂಗ ಸೇತುಪತಿ. 1795ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಅವನನ್ನು ಪದಚ್ಯುತನನ್ನಾಗಿಸಿ ಸೆರೆಯಲ್ಲಿರಿಸಿತು. 1803ರ ವೇಳೆಗೆ ಸೇತುವಿನ ಒಡೆಯರು ಕೇವಲ ಜಮೀನ್ದಾರರಾಗಿದ್ದರು. ಇಷ್ಟನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಆದರೆ ಈ ದ್ವೀಪ ಮರಳು ಮತ್ತು ಹವಳದ ನೆಲ; ಅಷ್ಟು ದೊಡ್ಡ ಕಂಬಗಳಿಗೆ ಬೇಕಾದ ಬಂಡೆ ಅಲ್ಲಿಲ್ಲ. ಕಲ್ಲೆಲ್ಲವೂ ಆಚೆಯ ದಡದಿಂದ ದೋಣಿಗಳಲ್ಲಿ ಬರಬೇಕಾಯಿತು. ಕಟ್ಟಿಸಿದವರ ಹೆಸರುಗಳು ನಮಗೆ ತಿಳಿದಿವೆ. ಆ ಭಾರವನ್ನು ಅಲೆಗಳ ಮೇಲೆ ಸಾಗಿಸಿದ ಅಂಬಿಗರ ಹೆಸರುಗಳು ಎಲ್ಲಿ ಉಳಿದಿವೆ? ಸಮುದ್ರದ ಅಗ್ನಿತೀರ್ಥದಲ್ಲಿ ಮಿಂದು ನಾವು ಒಳಗಿನ 22 ತೀರ್ಥಗಳಿಗೆ ಬರುವಾಗಲೂ ಬಾವಿಯ ಕಟ್ಟೆಯ ಮೇಲೆ ನಿಂತು ನಮ್ಮ ತಲೆಯ ಮೇಲೆ ನೀರು ಸೇದಿ ಸುರಿಯುವ ಕೈ ಇನ್ನೊಬ್ಬರದೇ ಆಗಿರುತ್ತದೆ.

1914ರಲ್ಲಿ ಪಾಂಬನ್ ರೈಲು ಸೇತುವೆ ತೆರೆಯಿತು. ನಡುವಣ ಅಂಕಣವನ್ನು ಕೆಲಸಗಾರರು ಕೈಯಿಂದಲೇ ಸನ್ನೆ ತಿರುಗಿಸಿ ಮೇಲೆತ್ತಿ ಹಡಗುಗಳಿಗೆ ದಾರಿ ಬಿಡುತ್ತಿದ್ದರು. ದ್ವೀಪದ ತುದಿಯ ಧನುಷ್ಕೋಟಿಯಿಂದ ಸಿಂಹಳದ ತಲೈಮನ್ನಾರಿಗೆ ಹಡಗಿನ ಸಂಚಾರವೂ ಅದೇ ವರ್ಷ ಮೊದಲಾಯಿತು. ಆದರೂ ದೋಣಿಯ ಕಾಲ ಮುಗಿಯಲಿಲ್ಲ. 1931ರಲ್ಲಿ ರಾಮೇಶ್ವರದಲ್ಲಿ ಜನಿಸಿ, ಮುಂದೆ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ ಅವರ ತಂದೆ ಹಿಂದೂ ಯಾತ್ರಿಕರನ್ನು ಧನುಷ್ಕೋಟಿಗೆ ಕರೆದೊಯ್ಯಲು ದೋಣಿ ಕಟ್ಟಿಸಿದ ಸಂಗತಿಯನ್ನು ಕಲಾಂ ಅವರೇ ಬರೆದಿದ್ದಾರೆ. ಸೀತಾರಾಮ ಕಲ್ಯಾಣದಂದು ದೇವರ ಮೂರ್ತಿಗಳನ್ನು ಸಾಗಿಸಲು ದೋಣಿಗಳನ್ನು ಅಣಿಮಾಡುತ್ತಿದ್ದುದೂ ಆ ಮುಸಲ್ಮಾನ ಮನೆತನವೇ. ದಾಟುವವನ ಮತ ಒಂದು, ದಾಟಿಸುವವನ ಮತ ಇನ್ನೊಂದು. ಅದರಿಂದ ಯಾತ್ರೆಗೆ ಕುಂದೇನೂ ಬರಲಿಲ್ಲ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತವೊಂದು ಧನುಷ್ಕೋಟಿಯನ್ನು ಅಪ್ಪಳಿಸಿತು. ಊರಿಗೆ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು ನೂರಕ್ಕೂ ಹೆಚ್ಚು ಜನರೊಡನೆ ಸಮುದ್ರವು ನುಂಗಿತು. ನಿಲ್ದಾಣ, ಮನೆಗಳು, ಇಗರ್ಜಿ ಎಲ್ಲವೂ ಪಾಳುಬಿದ್ದವು. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರಕಾರ ಸಾರಿತು. ಮುರಿದ ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ಎಂಬ ಯುವ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ 46 ದಿನಗಳಲ್ಲಿ ಸರಿಪಡಿಸಲಾಯಿತು. ಕೊಚ್ಚಿಹೋದ ತೊಲೆಗಳನ್ನು ಕಡಲಿನಲ್ಲಿ ಹುಡುಕಲು ಮೀನುಗಾರರೇ ನೆರವಾದರು. 1988ರಲ್ಲಿ ರಸ್ತೆಯ ಸೇತುವೆಯೂ 2025ರ ಏಪ್ರಿಲ್‌ನಲ್ಲಿ ಹೊಸ ರೈಲು ಸೇತುವೆಯೂ ಬಂದವು. ಈಗ ನಾವು ಕೆಲವೇ ನಿಮಿಷಗಳಲ್ಲಿ ಜಲಸಂಧಿಯನ್ನು ದಾಟುತ್ತೇವೆ. ದಾಟಿದೆವೆಂಬ ಅರಿವೂ ಕೆಲವರಿಗೆ ಆಗದು.

ರಾಮನು ಸೇತುವೆ ಕಟ್ಟಿದಾಗ ಅಳಿಲೊಂದು ಮರಳಿನಲ್ಲಿ ಹೊರಳಿ, ಮೈಗಂಟಿದ ಕಣಗಳನ್ನು ಕಲ್ಲುಗಳ ನಡುವೆ ಕೊಡವಿತೆಂಬ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತಮ್ಮ ಕೆಲಸವನ್ನು 'ಅಳಿಲು ಸೇವೆ' ಎಂದು ವಿನಯದಿಂದ ಹೇಳಿಕೊಳ್ಳುವ ರೂಢಿಯೂ ಉಂಟು. ಕಥೆಯಲ್ಲಿ ರಾಮನು ಆ ಅಳಿಲನ್ನು ಕಂಡು ಕೈಗೆತ್ತಿಕೊಂಡು ಬೆನ್ನು ಸವರಿದನು. ಹೊಸ ಸೇತುವೆಯ ಮೇಲೆ ವೇಗವಾಗಿ ಸಾಗುವ ನಾವು ಕೆಳಗಿನ ನೀರನ್ನು ಒಮ್ಮೆ ನೋಡಿ, ಅಲ್ಲಿ ಕಲ್ಲು ಸಾಗಿಸಿದವರನ್ನೂ ಹುಟ್ಟು ಹಾಕಿದವರನ್ನೂ ನೆನೆದರೆ ನಮ್ಮ ಯಾತ್ರೆಗೆ ಅಷ್ಟರಮಟ್ಟಿಗೆ ಅರ್ಥ ಬಂದೀತು.