ಎಂಪೆಂಬಾ ಪರಿಣಾಮ

ಎಂಪೆಂಬಾ ಪರಿಣಾಮ ಎಂಬುದು ಬಿಸಿನೀರು ಕೆಲವು ಸಂದರ್ಭಗಳಲ್ಲಿ ತಣ್ಣೀರಿಗಿಂತ ಬೇಗನೆ ಹೆಪ್ಪುಗಟ್ಟುವ ವಿದ್ಯಮಾನಕ್ಕೆ ಭೌತಶಾಸ್ತ್ರದಲ್ಲಿ ಇರುವ ಹೆಸರು. ಎರಡು ಒಂದೇ ಬಗೆಯ ಪಾತ್ರೆಗಳಲ್ಲಿ ಸಮಪ್ರಮಾಣದ ನೀರನ್ನು ಬೇರೆ ಬೇರೆ ಉಷ್ಣತೆಯಲ್ಲಿ ತುಂಬಿ ಒಂದೇ ಶೈತ್ಯಪೆಟ್ಟಿಗೆಯಲ್ಲಿಟ್ಟಾಗ ಇದು ಕಂಡುಬರುತ್ತದೆ ಎಂದು ಹೇಳಲಾಗಿದೆ. 1960ರ ದಶಕದಲ್ಲಿ ಇದನ್ನು ಗಮನಿಸಿ ಪ್ರಶ್ನೆಯೆತ್ತಿದ ಟಾಂಜಾನಿಯಾದ ಶಾಲಾ ವಿದ್ಯಾರ್ಥಿ ಎರಾಸ್ಟೊ ಎಂಪೆಂಬಾನ ಹೆಸರಿನಿಂದ ಇದನ್ನು ಕರೆಯುತ್ತಾರೆ. ನೀರಿನ ವಿಷಯದಲ್ಲಿ ಈ ಪರಿಣಾಮ ನಿಜವೇ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಆದರೆ 2017ರ ನಂತರ ಸೈದ್ಧಾಂತಿಕ ಭೌತಶಾಸ್ತ್ರವು ಇದಕ್ಕೆ ಸಾಮಾನ್ಯೀಕರಿಸಿದ ಅರ್ಥವನ್ನು ಕೊಟ್ಟಿದ್ದು, ಸೂಕ್ಷ್ಮ ಕಣಗಳಲ್ಲಿಯೂ ಕ್ವಾಂಟಮ್ ವ್ಯವಸ್ಥೆಗಳಲ್ಲಿಯೂ ಇದನ್ನು ಪ್ರಯೋಗದ ಮೂಲಕ ತೋರಿಸಲಾಗಿದೆ.

ಸಮಸ್ಯೆಯ ಸ್ವರೂಪ

ಈ ಪರಿಣಾಮದ ವಿರುದ್ಧ ಸಾಮಾನ್ಯವಾಗಿ ಮುಂದಿಡುವ ವಾದ ಸರಳವಾದುದು. 90 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ನೀರು ತಣಿಯುತ್ತಾ ಹೋಗುವಾಗ 30 ಡಿಗ್ರಿಯನ್ನು ದಾಟಲೇಬೇಕು. ಆ ಕ್ಷಣದಿಂದ ಮುಂದೆ, 30 ಡಿಗ್ರಿಯಲ್ಲಿ ಆರಂಭಿಸಿದ ನೀರು ತೆಗೆದುಕೊಂಡಷ್ಟೇ ಕಾಲವನ್ನು ಅದೂ ತೆಗೆದುಕೊಳ್ಳಬೇಕು. ಆದ್ದರಿಂದ ಬಿಸಿನೀರು ಎಂದಿಗೂ ಮುಂದಾಗಲಾರದು. ನ್ಯೂಟನ್ನನ ಶೀತಲೀಕರಣ ನಿಯಮವನ್ನು ಓದಿದ ಯಾವ ವಿದ್ಯಾರ್ಥಿಗೂ ಈ ವಾದ ಅಖಂಡನೀಯವೆಂದು ತೋರುತ್ತದೆ.

ವಾದದ ಒಳಗೆ ಒಂದು ಮೌನವಾದ ಊಹೆ ಅಡಗಿದೆ. 90 ಡಿಗ್ರಿಯಿಂದ 30ಕ್ಕೆ ಇಳಿದ ನೀರು, ಮೊದಲೇ 30 ಡಿಗ್ರಿಯಲ್ಲಿದ್ದ ನೀರಿಗೆ ಎಲ್ಲ ರೀತಿಯಲ್ಲಿಯೂ ಸಮಾನ ಎಂಬುದೇ ಆ ಊಹೆ. ಉಷ್ಣತೆ ಎಂಬ ಒಂದೇ ಸಂಖ್ಯೆ ನೀರಿನ ಸ್ಥಿತಿಯನ್ನು ಪೂರ್ಣವಾಗಿ ತಿಳಿಸುವುದಾದರೆ ಮಾತ್ರ ಅದು ಸರಿ. ವಾಸ್ತವದಲ್ಲಿ ತಣಿಯುತ್ತಿರುವ ನೀರಿನ ಮೇಲ್ಭಾಗ ಮತ್ತು ತಳಭಾಗಗಳ ಉಷ್ಣತೆ ಬೇರೆಯಾಗಿರುತ್ತದೆ, ಅದರೊಳಗೆ ಪ್ರವಾಹಗಳು ಹರಿಯುತ್ತಿರುತ್ತವೆ, ಸ್ವಲ್ಪ ನೀರು ಆವಿಯಾಗಿ ಹೋಗಿರುತ್ತದೆ, ಕರಗಿದ ಗಾಳಿ ಹೊರಬಿದ್ದಿರುತ್ತದೆ. ಈ ವ್ಯತ್ಯಾಸಗಳಲ್ಲಿ ಯಾವುದಾದರೂ ಹೆಪ್ಪುಗಟ್ಟುವ ಕಾಲವನ್ನು ಸಾಕಷ್ಟು ಬದಲಿಸಬಲ್ಲದೇ ಎಂಬುದು ವಿವಾದದ ತಿರುಳು.

ಶಾಲೆಯಲ್ಲಿನ ಅವಲೋಕನ

1963ರಲ್ಲಿ ಎಂಪೆಂಬಾ ಅಂದಿನ ತಾಂಗನೀಕಾದ ಮಗಂಬಾ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಯಾಗಿದ್ದನು. ಅಲ್ಲಿನ ಹುಡುಗರು ಹಾಲನ್ನು ಕುದಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಶೈತ್ಯಪೆಟ್ಟಿಗೆಯಲ್ಲಿಟ್ಟು ಐಸ್‌ಕ್ರೀಮ್ ಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲಿ ಜಾಗ ಕಡಿಮೆ. ಒಂದು ದಿನ ಜಾಗ ಕೈತಪ್ಪೀತೆಂಬ ಆತುರದಲ್ಲಿ ಎಂಪೆಂಬಾ ಬಿಸಿ ಹಾಲನ್ನೇ ಒಳಗಿಟ್ಟನು. ಮತ್ತೊಬ್ಬ ಹುಡುಗ ಹಾಲನ್ನು ಕುದಿಸದೆಯೇ ಇಟ್ಟಿದ್ದನು. ಸುಮಾರು ಒಂದೂವರೆ ಗಂಟೆಯ ಬಳಿಕ ನೋಡಿದಾಗ ಎಂಪೆಂಬಾನ ಹಾಲು ಗಟ್ಟಿಯಾಗಿತ್ತು, ಗೆಳೆಯನದು ಇನ್ನೂ ದ್ರವವಾಗಿಯೇ ಇತ್ತು. ಕಾರಣ ಕೇಳಿದಾಗ ಭೌತಶಾಸ್ತ್ರದ ಶಿಕ್ಷಕರು, ಹುಡುಗನಿಗೆ ಗೊಂದಲವಾಗಿರಬೇಕೆಂದೂ ಹಾಗಾಗಲು ಸಾಧ್ಯವಿಲ್ಲವೆಂದೂ ಉತ್ತರಿಸಿದರು. ತಾಂಗಾ ಪಟ್ಟಣದಲ್ಲಿ ಐಸ್‌ಕ್ರೀಮ್ ಮಾರುತ್ತಿದ್ದ ಪರಿಚಿತನೊಬ್ಬ ಮಾತ್ರ, ಬೇಗ ಗಟ್ಟಿಯಾಗಲೆಂದು ತಾನೂ ಬಿಸಿಯಾದ ಮಿಶ್ರಣವನ್ನೇ ಇಡುವುದಾಗಿ ತಿಳಿಸಿದನು.

ಮುಂದೆ ಇರಿಂಗಾದ ಎಂಕ್ವಾವಾ ಪ್ರೌಢಶಾಲೆಯಲ್ಲಿ ನ್ಯೂಟನ್ನನ ನಿಯಮದ ಪಾಠ ನಡೆದಾಗ ಎಂಪೆಂಬಾ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದನು. ಅದು ವಿಶ್ವದ ಭೌತಶಾಸ್ತ್ರವಾಗಿರದೆ ಎಂಪೆಂಬಾನ ಸ್ವಂತ ಭೌತಶಾಸ್ತ್ರವೆಂದು ಶಿಕ್ಷಕರು ಹೇಳಿದರು. ಅಂದಿನಿಂದ ಅವನು ಯಾವುದೇ ಲೆಕ್ಕದಲ್ಲಿ ತಪ್ಪಿದರೂ ಸಹಪಾಠಿಗಳು ಅದನ್ನು ಎಂಪೆಂಬಾನ ಗಣಿತವೆಂದು ಹಾಸ್ಯ ಮಾಡತೊಡಗಿದರು. ಜೀವಶಾಸ್ತ್ರದ ಪ್ರಯೋಗಾಲಯ ತೆರೆದಿದ್ದ ಒಂದು ಸಂದರ್ಭದಲ್ಲಿ ಅವನು ಎರಡು ಚಿಕ್ಕ ಬೀಕರುಗಳಲ್ಲಿ ಬಿಸಿನೀರನ್ನೂ ನಲ್ಲಿಯ ನೀರನ್ನೂ ತುಂಬಿ ಶೈತ್ಯಪೆಟ್ಟಿಗೆಯಲ್ಲಿಟ್ಟು ನೋಡಿದನು. ಸುಮಾರು ಒಂದು ಗಂಟೆಯ ನಂತರ ಎರಡರಲ್ಲಿಯೂ ನೀರು ಪೂರ್ಣವಾಗಿ ಗಟ್ಟಿಯಾಗಿರಲಿಲ್ಲ, ಆದರೆ ಬಿಸಿನೀರಿನ ಬೀಕರಿನಲ್ಲಿ ಮಂಜುಗಡ್ಡೆ ಹೆಚ್ಚಾಗಿತ್ತು.

ದಾರ್-ಎಸ್-ಸಲಾಮ್‌ನ ಯೂನಿವರ್ಸಿಟಿ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಡೆನಿಸ್ ಓಸ್‌ಬೋರ್ನ್ ಆ ಶಾಲೆಗೆ ಉಪನ್ಯಾಸ ನೀಡಲು ಬಂದಾಗ ಎಂಪೆಂಬಾ ಎದ್ದು ನಿಂತು, 35 ಡಿಗ್ರಿಯ ನೀರಿಗಿಂತ 100 ಡಿಗ್ರಿಯ ನೀರು ಮೊದಲು ಹೆಪ್ಪುಗಟ್ಟುವುದೇಕೆಂದು ಕೇಳಿದನು. ಸಹಪಾಠಿಗಳು ನಕ್ಕರು. ಓಸ್‌ಬೋರ್ನ್ ಕೂಡ ಹುಡುಗನ ಮಾತು ತಪ್ಪಿರಬೇಕೆಂದೇ ಭಾವಿಸಿದ್ದರು, ಆದರೂ ಪರೀಕ್ಷಿಸಿ ನೋಡುವುದಾಗಿ ಮಾತು ಕೊಟ್ಟರು. ಕಾಲೇಜಿಗೆ ಮರಳಿ ಪ್ರಯೋಗಾಲಯದ ತಂತ್ರಜ್ಞನೊಬ್ಬನಿಗೆ ಕೆಲಸ ಒಪ್ಪಿಸಿದಾಗ, ಬಿಸಿನೀರೇ ಮೊದಲು ಹೆಪ್ಪುಗಟ್ಟಿತೆಂದೂ ಸರಿಯಾದ ಫಲಿತಾಂಶ ಬರುವವರೆಗೆ ಪ್ರಯೋಗವನ್ನು ಮುಂದುವರಿಸುವುದಾಗಿಯೂ ಆತ ವರದಿ ಮಾಡಿದನು. ಈ ಉತ್ತರ ವಿಜ್ಞಾನ ಬೋಧಕರ ವಲಯದಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

1969ರ ಲೇಖನ

ಎಂಪೆಂಬಾ ಮತ್ತು ಓಸ್‌ಬೋರ್ನ್ ಇಬ್ಬರ ಹೆಸರಿನಲ್ಲಿ 1969ರಲ್ಲಿ 'ಫಿಸಿಕ್ಸ್ ಎಜುಕೇಷನ್' ಪತ್ರಿಕೆಯಲ್ಲಿ 'ಕೂಲ್?' ಎಂಬ ಲೇಖನ ಪ್ರಕಟವಾಯಿತು. ಮೊದಲ ಭಾಗದಲ್ಲಿ ಎಂಪೆಂಬಾ ತನ್ನ ಅನುಭವವನ್ನು ತಾನೇ ನಿರೂಪಿಸಿದ್ದಾನೆ. ಎರಡನೆಯ ಭಾಗದಲ್ಲಿ ಓಸ್‌ಬೋರ್ನ್ ಪ್ರಯೋಗಗಳ ವಿವರ ನೀಡಿದ್ದಾರೆ. 100 ಘನ ಸೆಂಟಿಮೀಟರಿನ ಬೀಕರುಗಳಲ್ಲಿ 70 ಘನ ಸೆಂಟಿಮೀಟರ್ ನೀರನ್ನು ತುಂಬಿ, ತಳದಿಂದ ಉಷ್ಣ ಹರಿಯದಂತೆ ಪಾಲಿಸ್ಟೈರೀನ್ ಹಾಳೆಯ ಮೇಲಿಡಲಾಗಿತ್ತು. ಸುಮಾರು 25 ಡಿಗ್ರಿಯಲ್ಲಿ ಆರಂಭಿಸಿದ ನೀರು ಹೆಪ್ಪುಗಟ್ಟತೊಡಗಲು ಅತಿ ಹೆಚ್ಚು ಕಾಲ ತೆಗೆದುಕೊಂಡಿತು. 90 ಡಿಗ್ರಿಯ ಆಸುಪಾಸಿನಲ್ಲಿ ಆ ಕಾಲ ಬಹಳ ಕಡಿಮೆಯಾಗಿತ್ತು. ಉಷ್ಣದ ಹೆಚ್ಚಿನ ಪಾಲು ನೀರಿನ ಮೇಲ್ಮೈಯಿಂದಲೇ ಹೊರಹೋಗುತ್ತಿತ್ತು. ಮೇಲ್ಮೈಗೆ ಎಣ್ಣೆಯ ಪದರವನ್ನು ಹರಡಿದಾಗ ಹೆಪ್ಪುಗಟ್ಟುವಿಕೆ ಬಹಳ ತಡವಾಯಿತು. ಆವಿಯಾಗಿ ನಷ್ಟವಾದ ನೀರಿನ ಪ್ರಮಾಣವಾಗಲಿ ಕರಗಿದ ಗಾಳಿಯಾಗಲಿ ಈ ವ್ಯತ್ಯಾಸಕ್ಕೆ ಸಾಕಾಗದೆಂದು ಲೇಖಕರು ತರ್ಕಿಸಿ, ನೀರಿನೊಳಗಿನ ಸಂವಹನ ಪ್ರವಾಹಗಳತ್ತ ಗಮನ ಸೆಳೆದರು.

ಅದೇ ವರ್ಷ ಕೆನಡಾದಲ್ಲಿ ಜಾರ್ಜ್ ಕೆಲ್ ಸ್ವತಂತ್ರವಾಗಿ ಇದೇ ವಿಷಯದ ಮೇಲೆ ಬರೆದರು. ಅವರು ಆವೀಕರಣವನ್ನೇ ಕಾರಣವಾಗಿ ಕಂಡರು.

ಹಿಂದಿನ ಉಲ್ಲೇಖಗಳು

ಈ ನಂಬಿಕೆ ಹೊಸದೇನೂ ಆಗಿರಲಿಲ್ಲ. ಅರಿಸ್ಟಾಟಲ್ ತನ್ನ ಹವಾಗ್ರಂಥದಲ್ಲಿ, ಪಾಂಟಸ್ ಪ್ರದೇಶದ ಜನ ಮಂಜುಗಡ್ಡೆಯ ಮೇಲೆ ಬೀಡುಬಿಟ್ಟು ಮೀನು ಹಿಡಿಯುವಾಗ ಜೊಂಡಿನ ಸುತ್ತ ಬಿಸಿನೀರು ಸುರಿದು ಬೇಗ ಹೆಪ್ಪುಗಟ್ಟಿಸುತ್ತಿದ್ದರೆಂದು ದಾಖಲಿಸಿದ್ದಾನೆ. 1620ರಲ್ಲಿ ಫ್ರಾನ್ಸಿಸ್ ಬೇಕನ್, 1637ರಲ್ಲಿ ರೆನೆ ಡೆಕಾರ್ಟ್ ಇದನ್ನು ಪ್ರಸ್ತಾಪಿಸಿದರು. ಉಷ್ಣತೆಯ ಸಿದ್ಧಾಂತ ಗಣಿತರೂಪ ತಳೆದ ಮೇಲೆ ಈ ಉಲ್ಲೇಖಗಳು ಪಠ್ಯಗಳಿಂದ ಮರೆಯಾದವು.

ಪ್ರಸ್ತಾಪಿತ ಕಾರಣಗಳು

ಆವೀಕರಣ: ಒಂದು ಕಿಲೋಗ್ರಾಂ ನೀರನ್ನು 100 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 418 ಕಿಲೋಜೂಲ್ ಉಷ್ಣವನ್ನು ಹೊರತೆಗೆಯಬೇಕು. ಈ ಉಷ್ಣವೆಲ್ಲ ಆವಿಯ ಮೂಲಕವೇ ಹೋಗುವುದಾದರೆ ಸರಿಸುಮಾರು ಆರನೆಯ ಒಂದು ಭಾಗದಷ್ಟು ನೀರು ಕಳೆದುಹೋಗುತ್ತದೆ. ಉಳಿದ ನೀರು ಕಡಿಮೆಯಾದ್ದರಿಂದ ಅದನ್ನು ಹೆಪ್ಪುಗಟ್ಟಿಸಲು ತೆಗೆಯಬೇಕಾದ ಉಷ್ಣವೂ ಕಡಿಮೆ. ತೆರೆದ ಪಾತ್ರೆಗಳಲ್ಲಿ ಇದು ಉಪೇಕ್ಷಿಸಲಾಗದ ಅಂಶ. ಮುಚ್ಚಿದ ಪಾತ್ರೆಗಳಲ್ಲಿ ಇದಕ್ಕೆ ಎಡೆಯಿಲ್ಲ.

ಸಂವಹನ: ಬಿಸಿನೀರಿನಲ್ಲಿ ಪ್ರವಾಹಗಳು ಬಿರುಸಾಗಿದ್ದು ಮೇಲ್ಮೈ ಸರಾಸರಿಗಿಂತ ಬಿಸಿಯಾಗಿಯೇ ಉಳಿಯುತ್ತದೆ. ಮೇಲ್ಮೈಯಿಂದ ಉಷ್ಣನಷ್ಟವೂ ಆದ್ದರಿಂದ ಹೆಚ್ಚು.

ಅತಿಶೀತಲೀಕರಣ: ನೀರು ಸೊನ್ನೆ ಡಿಗ್ರಿಯಲ್ಲಿ ತಪ್ಪದೆ ಹೆಪ್ಪುಗಟ್ಟುತ್ತದೆ ಎಂಬ ತಿಳಿವಳಿಕೆ ಪೂರ್ಣ ಸರಿಯಲ್ಲ. ಮೊದಲ ಹರಳು ಮೂಡಲು ಧೂಳಿನ ಕಣ, ಪಾತ್ರೆಯ ಗೀರು ಮುಂತಾದ ಆಸರೆ ಬೇಕು. ಅದಿಲ್ಲದಿದ್ದರೆ ನೀರು ಸೊನ್ನೆಗಿಂತ ಹಲವು ಡಿಗ್ರಿ ಕೆಳಗೂ ದ್ರವವಾಗಿಯೇ ಇರುತ್ತದೆ. ಎರಡು ಪಾತ್ರೆಗಳಲ್ಲಿ ಒಂದು ಮೈನಸ್ 3 ಡಿಗ್ರಿಯಲ್ಲಿ, ಇನ್ನೊಂದು ಮೈನಸ್ 8 ಡಿಗ್ರಿಯಲ್ಲಿ ಹೆಪ್ಪುಗಟ್ಟುವಂತಿದ್ದರೆ, ಮೊದಲನೆಯದು ಬಿಸಿಯಾಗಿ ಆರಂಭಿಸಿಯೂ ಗೆಲ್ಲಬಹುದು. 1995ರಲ್ಲಿ ಡೇವಿಡ್ ಔರ್‌ಬಾಕ್ ಹಾಗೂ ನಂತರ ಜೇಮ್ಸ್ ಬ್ರೌನ್‌ರಿಡ್ಜ್ ಈ ದಿಕ್ಕಿನಲ್ಲಿ ಪ್ರಯೋಗ ನಡೆಸಿದರು. ಆದರೆ ಇಲ್ಲಿ ಗೆಲುವು ಆರಂಭದ ಉಷ್ಣತೆಗಿಂತ ಆ ನಿರ್ದಿಷ್ಟ ಪಾತ್ರೆಯ ಗುಣವನ್ನು ಹೆಚ್ಚು ಅವಲಂಬಿಸಿರುತ್ತದೆ.

ಇವಲ್ಲದೆ, ಬಿಸಿ ಪಾತ್ರೆಯು ತನ್ನ ಕೆಳಗಿನ ಹಿಮದ ಪದರವನ್ನು ಕರಗಿಸಿ ಶೀತಲ ತಟ್ಟೆಗೆ ನೇರವಾಗಿ ಅಂಟಿಕೊಳ್ಳುತ್ತದೆ ಎಂಬ ವಿವರಣೆಯೂ ಇದೆ. ಮನೆಯ ಶೈತ್ಯಪೆಟ್ಟಿಗೆಗಳಲ್ಲಿ ಕಂಡ ಅನೇಕ ನಿದರ್ಶನಗಳಿಗೆ ಬಹುಶಃ ಇದೇ ಸಾಕು. ಜಲಜನಕ ಬಂಧಗಳನ್ನು ಆಧರಿಸಿದ ವಿವರಣೆಗಳು ಪತ್ರಿಕೆಗಳಲ್ಲಿ ಬಹಳ ಪ್ರಚಾರ ಪಡೆದರೂ ವ್ಯಾಪಕ ಮನ್ನಣೆ ಗಳಿಸಿಲ್ಲ.

2012ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಅತ್ಯುತ್ತಮ ವಿವರಣೆಗಾಗಿ 1,000 ಪೌಂಡುಗಳ ಸ್ಪರ್ಧೆಯನ್ನು ಏರ್ಪಡಿಸಿತು. 22,000ಕ್ಕೂ ಹೆಚ್ಚು ಉತ್ತರಗಳು ಬಂದವು. ಸಂವಹನ ಮತ್ತು ಅತಿಶೀತಲೀಕರಣಗಳನ್ನು ಪ್ರಧಾನ ಕಾರಣಗಳೆಂದು ವಾದಿಸಿದ ಕ್ರೊಯೇಷಿಯಾದ ನಿಕೋಲಾ ಬ್ರೆಗೋವಿಚ್ ಅವರಿಗೆ ಬಹುಮಾನ ದೊರೆಯಿತು. ಅಷ್ಟು ಉತ್ತರಗಳ ನಂತರವೂ ಪ್ರಶ್ನೆ ಮುಗಿಯಲಿಲ್ಲ.

ಅಳತೆಯ ತೊಡಕುಗಳು

ಹೆಪ್ಪುಗಟ್ಟುವುದು ಎಂದರೇನು ಎಂಬಲ್ಲಿಂದಲೇ ತೊಡಕು ಆರಂಭವಾಗುತ್ತದೆ. ಸೊನ್ನೆ ಡಿಗ್ರಿ ತಲುಪುವುದು, ಮೊದಲ ಹರಳು ಕಾಣಿಸುವುದು, ನೀರೆಲ್ಲವೂ ಗಟ್ಟಿಯಾಗುವುದು ಮೂರೂ ಬೇರೆ ಬೇರೆ ಘಟನೆಗಳು. ಒಂದರಲ್ಲಿ ಮುಂದಿರುವ ಪಾತ್ರೆ ಮತ್ತೊಂದರಲ್ಲಿ ಹಿಂದೆ ಬೀಳಬಹುದು.

2016ರಲ್ಲಿ ಹೆನ್ರಿ ಬರಿಡ್ಜ್ ಮತ್ತು ಪಾಲ್ ಲಿಂಡನ್ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಅತ್ಯಂತ ಕಠಿಣವಾದ ವಿಮರ್ಶೆ. ಅವರು ಘನೀಕರಣವನ್ನು ಬದಿಗಿಟ್ಟು, ನೀರು ಸೊನ್ನೆ ಡಿಗ್ರಿಗೆ ಇಳಿಯುವ ಕಾಲವನ್ನಷ್ಟೇ ಅಳೆದರು. ಹಿಂದಿನ ಪ್ರಯೋಗಗಳ ಅಂಕಿಗಳನ್ನೂ ಒಂದೇ ಮಾನದಂಡಕ್ಕೆ ತಂದು ಹೋಲಿಸಿದರು. ಅರ್ಥಪೂರ್ಣವಾದ ಎಂಪೆಂಬಾ ಪರಿಣಾಮ ಅವರಿಗೆ ಕಾಣಲಿಲ್ಲ. ಪಾತ್ರೆಯೊಳಗಿನ ಉಷ್ಣತಾಮಾಪಕವನ್ನು 1 ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಸರಿಸಿದರೂ ಇಲ್ಲದ ಪರಿಣಾಮ ಇದ್ದಂತೆ ತೋರಬಹುದೆಂದು ಅವರು ತೋರಿಸಿಕೊಟ್ಟರು. ಅತಿಶೀತಲೀಕರಣ ಮತ್ತು ಪೂರ್ಣ ಘನೀಕರಣದ ಹಂತಗಳು ಈ ಅಧ್ಯಯನದ ವ್ಯಾಪ್ತಿಯಲ್ಲಿ ಇರಲಿಲ್ಲ ಎಂಬುದನ್ನು ಅದನ್ನು ಉಲ್ಲೇಖಿಸುವವರು ಹಲವೊಮ್ಮೆ ಮರೆಯುತ್ತಾರೆ.

ಸಾಮಾನ್ಯೀಕೃತ ಸಿದ್ಧಾಂತ

ನೀರಿನ ಬಗ್ಗೆ ಸಂದೇಹ ಗಾಢವಾಗುತ್ತಿದ್ದ ವೇಳೆಯಲ್ಲಿಯೇ ಪ್ರಶ್ನೆ ಬೇರೊಂದು ದಾರಿ ಹಿಡಿಯಿತು. 2017ರಲ್ಲಿ ಝಿಯ್ವೆ ಲು ಮತ್ತು ಓರೆನ್ ರಾಝ್, ಸಮತೋಲನದಿಂದ ದೂರವಿರುವ ಯಾವುದೇ ವ್ಯವಸ್ಥೆ ತಣಿಯುವ ಬಗೆಯನ್ನು ಗಣಿತದ ಮೂಲಕ ಪರಿಶೀಲಿಸಿದರು. ತಣಿಯುವಿಕೆ ಹಲವು ವೇಗಗಳಲ್ಲಿ ಏಕಕಾಲಕ್ಕೆ ನಡೆಯುವ ಕ್ರಿಯೆ. ಕೆಲವು ವಿಚಲನೆಗಳು ಕ್ಷಣದಲ್ಲಿ ಅಳಿಯುತ್ತವೆ, ಒಂದು ಮಾತ್ರ ನಿಧಾನವಾಗಿ ಕೊನೆಯವರೆಗೂ ಉಳಿಯುತ್ತದೆ. ಒಟ್ಟು ಕಾಲವನ್ನು ನಿರ್ಧರಿಸುವುದು ಆ ನಿಧಾನದ ಅಂಶ. ಬಿಸಿಯಾದ ವ್ಯವಸ್ಥೆಯಲ್ಲಿ ಆ ಅಂಶದ ಪ್ರಮಾಣ ಕಡಿಮೆ ಇದ್ದರೆ, ಅದು ತಣ್ಣನೆಯದನ್ನು ಹಿಂದಿಕ್ಕುತ್ತದೆ.

ಎರಡು ತಗ್ಗುಗಳಿರುವ ನೆಲವನ್ನು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಒಂದು ತಗ್ಗು ಆಳ, ಇನ್ನೊಂದು ಅಷ್ಟು ಆಳವಲ್ಲ, ನಡುವೆ ದಿಬ್ಬ. ಕಡಿಮೆ ಶಕ್ತಿಯ ಕಣಗಳಲ್ಲಿ ಅನೇಕವು ತಪ್ಪು ತಗ್ಗಿನಲ್ಲಿ ಸಿಕ್ಕಿಕೊಂಡರೆ ದಿಬ್ಬ ದಾಟಲು ಬಹುಕಾಲ ಬೇಕು. ಹೆಚ್ಚು ಶಕ್ತಿಯ ಕಣಗಳು ನೆಲದ ತುಂಬ ಹರಡಿರುವುದರಿಂದ, ಅವು ಇಳಿಯುವಾಗಲೇ ಎರಡು ತಗ್ಗುಗಳಿಗೂ ಸರಿಯಾದ ಪ್ರಮಾಣದಲ್ಲಿ ಹಂಚಿಹೋಗುವ ಸಾಧ್ಯತೆ ಇದೆ. ತಣ್ಣನೆಯ ವ್ಯವಸ್ಥೆಯು ಬಿಸಿಯಾದುದಕ್ಕಿಂತ ಬೇಗ ಕಾಯುವ ವಿಲೋಮ ಪರಿಣಾಮವನ್ನೂ ಇದೇ ಸಿದ್ಧಾಂತ ಮುಂಗಂಡಿತು. ಅದೇ ವರ್ಷ ಸ್ಪೇನಿನ ಸಂಶೋಧಕರು ಹರಳುಕಣಗಳ ಪ್ರವಾಹಗಳಲ್ಲಿ ಈ ಪರಿಣಾಮ ಸಾಧ್ಯವೆಂದು ತೋರಿಸಿದರು. ಭಾರತದಲ್ಲಿ ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯ ಆರ್. ರಾಜೇಶ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ಅಂತಹ ಕಣವ್ಯವಸ್ಥೆಗಳ ವಿಶ್ಲೇಷಣೆಯನ್ನು ಮುಂದುವರಿಸಿದರು.

ಪ್ರಯೋಗದ ದೃಢೀಕರಣ 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್, ನೀರಿನಲ್ಲಿ ತೇಲುವ ಮೈಕ್ರೋಮೀಟರ್ ಗಾತ್ರದ ಗಾಜಿನ ಗುಂಡನ್ನು ಬೆಳಕಿನ ಬಲೆಯಲ್ಲಿ ಹಿಡಿದು, ಮೇಲೆ ಹೇಳಿದ ಎರಡು ತಗ್ಗುಗಳ ನೆಲವನ್ನೇ ಕೃತಕವಾಗಿ ನಿರ್ಮಿಸಿದರು. ಗುಂಡನ್ನು ಪ್ರತಿಬಾರಿಯೂ ಬಿಸಿಯಾದ ವ್ಯವಸ್ಥೆಯಲ್ಲಿ ಇರಬಹುದಾದ ಸ್ಥಾನದಿಂದ ಬಿಡುಗಡೆ ಮಾಡಿ, ಅದೇ ಪ್ರಯೋಗವನ್ನು ಅನೇಕ ಬಾರಿ ಪುನರಾವರ್ತಿಸಿ ಸರಾಸರಿ ತೆಗೆಯಲಾಯಿತು. ಇಲ್ಲಿ ಆವಿಯೂ ಇಲ್ಲ, ಹರಳೂ ಇಲ್ಲ. ಪರಿಣಾಮ ಮಾತ್ರ ಸ್ಪಷ್ಟವಾಗಿತ್ತು. ಈ ಕೆಲಸ ಕುಮಾರ್ ಅವರ ಡಾಕ್ಟರೇಟ್ ಪ್ರಬಂಧದ ಭಾಗವಾಗಿತ್ತು. 2022ರಲ್ಲಿ ವಿಲೋಮ ಪರಿಣಾಮವನ್ನೂ ಇದೇ ಬಗೆಯ ಸಾಧನದಲ್ಲಿ ತೋರಿಸಲಾಯಿತು.

2024ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಪ್ರಯೋಗಾಲಯದಲ್ಲಿ 12 ಅಯಾನುಗಳ ಸರಪಳಿಯಲ್ಲಿ ಕ್ವಾಂಟಮ್ ಎಂಪೆಂಬಾ ಪರಿಣಾಮ ಕಂಡುಬಂದಿತು. ಇಲ್ಲಿ ಹೋಲಿಸುವುದು ಉಷ್ಣತೆಯನ್ನಲ್ಲ, ಮುರಿದ ಸಮಮಿತಿಯನ್ನು: ಹೆಚ್ಚು ಮುರಿದ ಸ್ಥಿತಿ ಬೇಗ ಸರಿಹೋಗುತ್ತದೆ.

ತಂತ್ರಜ್ಞಾನದಲ್ಲಿ

ಐಸ್ ಸ್ಕೇಟಿಂಗ್ ಅಂಗಳಗಳನ್ನು ನುಣುಪುಗೊಳಿಸಲು ಬಿಸಿನೀರು ಹರಡುವುದನ್ನು ಈ ಪರಿಣಾಮದ ಉಪಯೋಗವೆಂದು ಜನಪ್ರಿಯ ಬರಹಗಳು ಹೇಳುವುದುಂಟು. ಇದು ಸರಿಯಲ್ಲ. ಬಿಸಿನೀರು ಹಳೆಯ ಗೀರುಗಳನ್ನು ಕರಗಿಸಿ ಬೆಸೆಯುತ್ತದೆ, ಅದರಲ್ಲಿ ಕರಗಿದ ಗಾಳಿಯೂ ಕಡಿಮೆ. ಬೇಗ ಹೆಪ್ಪುಗಟ್ಟಬೇಕೆಂಬುದು ಅಲ್ಲಿನ ಉದ್ದೇಶವಲ್ಲ. ಕೊರೆಯುವ ಚಳಿಯಲ್ಲಿ ಕುದಿನೀರನ್ನು ಗಾಳಿಗೆ ಎರಚಿ ಹಿಮದ ಮೋಡ ಮಾಡುವ ಆಟಕ್ಕೂ ಇದಕ್ಕೂ ಸಂಬಂಧ ದೂರದ್ದು.

ನಿಜವಾದ ಆಸಕ್ತಿ ಬೇರೆಡೆ ಇದೆ. 2020ರಲ್ಲಿ ಗಾಲ್ ಮತ್ತು ರಾಝ್, ಒಂದು ವ್ಯವಸ್ಥೆಯನ್ನು ಕಾಯಿಸುವ ಮೊದಲು ಸ್ವಲ್ಪ ತಣಿಸಿದರೆ ಒಟ್ಟು ಕಾಲ ಉಳಿಯುವ ಸಂದರ್ಭಗಳಿವೆಯೆಂದು ತೋರಿಸಿದರು. ಕ್ವಾಂಟಮ್ ಗಣಕಗಳಲ್ಲಿ ಕ್ಯೂಬಿಟ್‌ಗಳನ್ನು ಪ್ರತಿ ಲೆಕ್ಕದ ಮೊದಲು ಆರಂಭಸ್ಥಿತಿಗೆ ತರಬೇಕಾಗುವುದರಿಂದ ಇಂತಹ ಅಡ್ಡದಾರಿಗಳು ಅಲ್ಲಿ ಪ್ರಯೋಜನಕ್ಕೆ ಬರಬಹುದೆಂಬ ನಿರೀಕ್ಷೆಯಿದೆ.

ಎಂಪೆಂಬಾ ಮತ್ತು ಓಸ್‌ಬೋರ್ನ್ ಅವರ ನಂತರದ ವೃತ್ತಿ

ಎಂಪೆಂಬಾ ಭೌತಶಾಸ್ತ್ರವನ್ನು ವೃತ್ತಿಯಾಗಿ ಮುಂದುವರಿಸಲಿಲ್ಲ. ಅವರು ಮೋಷಿ ಬಳಿಯ ಆಫ್ರಿಕನ್ ವನ್ಯಜೀವಿ ನಿರ್ವಹಣಾ ಕಾಲೇಜಿನಲ್ಲಿ ಓದಿ, ಟಾಂಜಾನಿಯಾದ ವನ್ಯಜೀವಿ ಇಲಾಖೆಯಲ್ಲಿ ಅಧಿಕಾರಿಯಾದರು. 1969ರ ಲೇಖನ ಅಚ್ಚಾದಾಗ ಅವರು ಆ ಕಾಲೇಜಿನಲ್ಲಿದ್ದರು. ಓಸ್‌ಬೋರ್ನ್ ಮುಂದೆ ಬ್ರಿಟಿಷ್ ರಾಜತಾಂತ್ರಿಕ ಸೇವೆ ಸೇರಿ ಮಲಾವಿಯಲ್ಲಿ ಹೈಕಮಿಷನರ್ ಆಗಿದ್ದರು.

ಶಿಕ್ಷಣದಲ್ಲಿ

ಎರಡು ಲೋಟ, ಒಂದು ಉಷ್ಣತಾಮಾಪಕ ಮತ್ತು ಶೈತ್ಯಪೆಟ್ಟಿಗೆ ಇದ್ದರೆ ಆರಂಭಿಸಬಹುದಾದ್ದರಿಂದ ಶಾಲಾ ಯೋಜನೆಗಳಿಗೆ ಈ ವಿಷಯವನ್ನು ಹೆಚ್ಚಾಗಿ ಆರಿಸಿಕೊಳ್ಳಲಾಗುತ್ತದೆ. ಪ್ರಯೋಗ ಮಾಡುವುದು ಸುಲಭ, ನಂಬಲರ್ಹವಾಗಿ ಮಾಡುವುದು ಕಷ್ಟ. ಪಾತ್ರೆಗಳನ್ನು ಅದಲುಬದಲು ಮಾಡಿ ಪುನರಾವರ್ತಿಸುವುದು, ಅಡಿಯಲ್ಲಿ ಉಷ್ಣನಿರೋಧಕ ಹಾಳೆ ಇಡುವುದು, ಮಾಪಕವನ್ನು ಒಂದೇ ಎತ್ತರದಲ್ಲಿ ಬಿಗಿಯುವುದು, ಕೊನೆಯಲ್ಲಿ ಉಳಿದ ನೀರನ್ನು ತೂಗುವುದು, ಹೆಪ್ಪುಗಟ್ಟುವುದರ ಅರ್ಥವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಇವೆಲ್ಲ ಅಗತ್ಯ. ನೀರಿನಲ್ಲಿ ಪರಿಣಾಮವನ್ನು ಸಂದೇಹಿಸಿದ ಬರಿಡ್ಜ್ ಅವರೇ 2020ರಲ್ಲಿ ಆಸ್ಕರ್ ಹಾಲ್‌ಸ್ಟೇಡಿಯಸ್ ಅವರೊಡನೆ ಬರೆದ ಮತ್ತೊಂದು ಲೇಖನದಲ್ಲಿ, ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಕೆಲಸದಲ್ಲಿ ಇದಕ್ಕಿರುವ ಬೆಲೆಯನ್ನು ಚರ್ಚಿಸಿದ್ದಾರೆ.