ಜಾರ್ರಾ ಕಾಡಿನ ಮುಳ್ಳುಜಾಲಿ

ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಭಾಗದಲ್ಲಿ, ಪರ್ತ್ ನಗರದ ಆಸುಪಾಸಿನಿಂದ ಆಲ್ಬನಿಯ ಕಡೆಗೆ ಹಬ್ಬಿರುವ ಕಾಡುಗಳಲ್ಲಿ ಬೆಳೆಯುವ ಕುರುಚಲು ಜಾಲಿಯೇ ಅಕೇಸಿಯಾ ಪುಲ್ಚೆಲ್ಲ. ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ 1813ರಲ್ಲಿ ಇದಕ್ಕೆ ಈ ಹೆಸರನ್ನಿತ್ತನು. 'ಪುಲ್ಚೆಲ್ಲ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಿಕ್ಕ ಚೆಲುವೆ. ಅಲ್ಲಿನ ಜನರ ಬಾಯಲ್ಲಿ ಇದು 'ಪ್ರಿಕ್ಲಿ ಮೋಸಸ್'. ಪ್ರವಾದಿ ಮೋಸಸ್‌ಗೂ ಗಿಡಕ್ಕೂ ಯಾವ ನಂಟೂ ಇಲ್ಲ. 'ಮಿಮೋಸಾ' ಎಂಬ ಪದ ಸವೆದು ಹಾಗಾಗಿದೆ.

ಗಿಡ ಸಾಮಾನ್ಯವಾಗಿ ಸೊಂಟದೆತ್ತರವನ್ನು ಹೆಚ್ಚು ಮೀರುವುದಿಲ್ಲ. ಎಲೆಯ ಬುಡದಲ್ಲಿ ಸೂಜಿಯಂಥ ಮುಳ್ಳುಗಳಿರುತ್ತವೆ. ಆಸ್ಟ್ರೇಲಿಯಾದ ಬಹುಪಾಲು ಅಕೇಸಿಯಾಗಳಲ್ಲಿ ನಿಜವಾದ ಎಲೆ ಮೊಳಕೆಯ ಹಂತದಲ್ಲೇ ಮರೆಯಾಗಿ, ಎಲೆತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ನಮ್ಮ ಮಲೆನಾಡು, ಕರಾವಳಿಗಳ ನೆಡುತೋಪುಗಳಲ್ಲಿ ಕಾಣುವ ಅಕೇಸಿಯಾದ ಕುಡುಗೋಲಿನಾಕಾರದ 'ಎಲೆ' ಅಂಥದ್ದು. ಪುಲ್ಚೆಲ್ಲ ಹಾಗಲ್ಲ. ಕರಿಜಾಲಿಯಲ್ಲಿರುವಂತೆ ಗರಿಗರಿಯಾದ ಸಂಯುಕ್ತ ಎಲೆಯನ್ನು ಜೀವಮಾನವಿಡೀ ಉಳಿಸಿಕೊಳ್ಳುತ್ತದೆ. ಅಲ್ಲಿನ ಚಳಿಗಾಲದಿಂದ ವಸಂತದವರೆಗೆ ಹೊನ್ನಿನ ಬಣ್ಣದ ಗುಂಡು ಹೂಗೊಂಚಲುಗಳು ಗಿಡವನ್ನು ಮುಚ್ಚುತ್ತವೆ. ಕಾಯಿ ಚಪ್ಪಟೆ, ಬೀಜದ ಸಿಪ್ಪೆ ಬಲು ಗಡುಸು. ಬೀಜದ ತುದಿಗೆ ಅಂಟಿರುವ ಕೊಬ್ಬಿನಂಶದ ತಿರುಳಿನ ಆಸೆಗೆ ಇರುವೆಗಳು ಅದನ್ನು ನೆಲದೊಳಕ್ಕೆ ಒಯ್ಯುತ್ತವೆ. ಕಾಡಿಗೆ ಬೆಂಕಿ ಬಿದ್ದು ಮಣ್ಣು ಸಾಕಷ್ಟು ಕಾಯುವವರೆಗೆ ಬೀಜ ಅಲ್ಲಿಯೇ ವರ್ಷಗಟ್ಟಲೆ ನಿದ್ರಿಸುತ್ತದೆ. ಬೇರುಗಂಟುಗಳ ಮೂಲಕ ಸಾರಜನಕವನ್ನು ಮಣ್ಣಿಗೆ ಸೇರಿಸುವುದು ದ್ವಿದಳ ಕುಲದ ಗುಣ.

ಗಿಡದ ಮಹತ್ವವಿರುವುದು ಚೆಲುವಿನಲ್ಲಲ್ಲ. ಅದು ಬೆಳೆಯುವ ಜಂಬಿಟ್ಟಿಗೆ ಬೆಟ್ಟಗಳ ಒಡೆಯ ಜಾರ್ರಾ ಎಂಬ ನೀಲಗಿರಿ ಜಾತಿಯ ಮರ. ಗಟ್ಟಿ ಕೆಂಪು ನಾಟಾಗಳಿಗೆ ಹೆಸರಾದದ್ದು. ಈ ಮರಗಳು ಕಾರಣ ತಿಳಿಯದೆ ಒಣಗುತ್ತಿರುವುದು 1921ರಲ್ಲಿ ಕಂಡುಬಂತು. ಫೈಟಾಫ್ತೊರಾ ಸಿನ್ನಮೋಮಿ ಎಂಬ ಸೂಕ್ಷ್ಮಜೀವಿ ಬೇರುಗಳನ್ನು ಕೊಳೆಸುತ್ತಿದೆ ಎಂಬುದು ಖಚಿತವಾದದ್ದು 1960ರ ದಶಕದ ಮಧ್ಯಭಾಗದಲ್ಲಿ. ಅಡಿಕೆ ಬೆಳೆಗಾರರಿಗೆ ಈ ಕುಲ ಹೊಸದಲ್ಲ. ಲೆಸ್ಲಿ ಕೋಲ್ಮನ್ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಪರವಾಗಿ ವಿವರಿಸಿದ ಕೊಳೆರೋಗಕ್ಕೆ ಕಾರಣವೂ ಒಂದು ಫೈಟಾಫ್ತೊರಾವೇ. ಅಡಿಕೆಯಲ್ಲಿ ಅದು ಗೊನೆಗೆ ಹತ್ತುತ್ತದೆ, ಜಾರ್ರಾದಲ್ಲಿ ಬೇರಿಗೆ. ಎರಡರ ಬೀಜಕಗಳೂ ನೀರಿನಲ್ಲಿ ಈಜಬಲ್ಲವು.

ಪುಲ್ಚೆಲ್ಲ ದಟ್ಟವಾಗಿ ಬೆಳೆದ ಕಡೆ ಈ ರೋಗಾಣುವಿನ ಹಾವಳಿ ಕಡಿಮೆಯೆಂಬುದನ್ನು 1970ರ ದಶಕದ ಸಂಶೋಧಕರು ಗಮನಿಸಿದರು. ಬೇರುಗಳಿಂದ ಹೊರಡುವ ಆವಿಶೀಲ ರಾಸಾಯನಿಕಗಳನ್ನು ರೋಗಾಣುವಿನ ಮೇಲೆ ಪ್ರಯೋಗಿಸಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಗಿಡದ ಎಲ್ಲ ಉಪಪ್ರಭೇದಗಳೂ ಈ ವಿಷಯದಲ್ಲಿ ಸಮವಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿವೆ.

ತೊಡಕಿರುವುದು ಬೆಂಕಿಯಲ್ಲಿ. 1961ರಲ್ಲಿ ಡ್ವೆಲಿಂಗಪ್ ಪಟ್ಟಣವನ್ನು ಸುಟ್ಟ ಕಾಳ್ಗಿಚ್ಚಿನ ನಂತರ, ತರಗೆಲೆ ಶೇಖರವಾಗದಂತೆ ತಂಪು ದಿನಗಳಲ್ಲಿ ಮೆಲುವಾಗಿ ಬೆಂಕಿಯಿಡುವ ಪದ್ಧತಿ ಬಲವಾಯಿತು. ಊರುಗಳ ರಕ್ಷಣೆಗೆ ಅದು ಬೇಕೇ ಬೇಕು. ಆದರೆ ಆ ಸಣ್ಣ ಬೆಂಕಿಗೆ ಜಾಲಿಯ ಬೀಜ ಎಚ್ಚರಗೊಳ್ಳುವಷ್ಟು ಮಣ್ಣು ಕಾಯುವುದಿಲ್ಲ. ಅದನ್ನು ತಾಳಿಕೊಂಡು ಉಳಿಯುವ ಬ್ಯಾಂಕ್ಸಿಯಾ ಗ್ರಾಂಡಿಸ್ ಎಂಬ ಮರವಾದರೋ ರೋಗಾಣುವಿಗೆ ಮೃಷ್ಟಾನ್ನ. ಹೆಚ್ಚು ತೀವ್ರವಾದ ಬೆಂಕಿಯಿಂದ ಬ್ಯಾಂಕ್ಸಿಯಾ ತಗ್ಗಿಸಿ ಜಾಲಿಯನ್ನು ಹೆಚ್ಚಿಸಬಹುದೆಂದು ಸಿಡ್ ಶೇ ಮತ್ತು ಸಂಗಡಿಗರು ವಾದಿಸಿದರು. ಆದರೆ ಅಂಥ ಬೆಂಕಿ ಕೈಮೀರಿದರೆ ಹೊಣೆ ಯಾರದು? ಮೇಲಾಗಿ ಪ್ರಯೋಗಶಾಲೆಯಲ್ಲಿ ಕಂಡ ಫಲ ಕಾಡಿನಲ್ಲಿ ಅಷ್ಟೇ ನಿಶ್ಚಿತವಲ್ಲ. ಗಿಡವೊಂದೇ ರೋಗ ತಡೆಯುತ್ತದೆಂದು ನಂಬುವುದು ಅತಿಯಾದೀತು. ಫಾಸ್ಫೈಟ್ ಸಿಂಪಡಣೆ, ಚಾರಣಿಗರ ಬೂಟು ತೊಳೆಸುವಿಕೆ ಮುಂತಾದ ಕ್ರಮಗಳು ಅದಕ್ಕಾಗಿಯೇ ಜಾರಿಯಲ್ಲಿವೆ.

ಬಾಕ್ಸೈಟ್ ಗಣಿಗಾರಿಕೆ ಮುಗಿದ ನೆಲದಲ್ಲಿ ಕಾಡು ಮರಳಿ ಬೆಳೆಸಲು ಬಿತ್ತುವ ಬೀಜಗಳಲ್ಲಿ ಪುಲ್ಚೆಲ್ಲವೂ ಸೇರಿದೆ. ಬಿತ್ತುವವರು ಬೀಜವನ್ನು ಮೊದಲು ಬಿಸಿನೀರಿನಲ್ಲಿ ಅದ್ದುವುದು ವಾಡಿಕೆ. ಕಾಳ್ಗಿಚ್ಚಿನ ಶಾಖಕ್ಕೆ ಬದಲಾಗಿ ಅಷ್ಟು ಸಾಕು.