ಹಾಡಿನ ಅಂಕಿತ

ಹಾಡನ್ನು ಕಟ್ಟಿದವರ ಹೆಸರು ಹಾಡಿನಿಂದ ಅಗಲದಂತೆ ಕಾಪಾಡುವ ಯತ್ನವು ಕನ್ನಡನಾಡಿಗೆ ಹೊಸತಲ್ಲ. ಹರಿದಾಸರ ಪದಗಳು ಬಹುಕಾಲ ಬಾಯಿಂದ ಬಾಯಿಗೆ ಸಾಗಿಬಂದವು. ಆದರೂ ಕೊನೆಯ ಚರಣದಲ್ಲಿ ಪುರಂದರವಿಠಲನ ಹೆಸರು ಬಂದೊಡನೆ ಪದವು ಪುರಂದರದಾಸರದೆಂದೂ, ಕಾಗಿನೆಲೆಯಾದಿಕೇಶವನ ಹೆಸರು ಬಂದರೆ ಕನಕದಾಸರದೆಂದೂ ಕೇಳುಗರು ಅರಿಯುತ್ತಿದ್ದರು. ಮುತ್ತುಸ್ವಾಮಿ ದೀಕ್ಷಿತರು ಗುರುಗುಹ ಎಂಬ ಮುದ್ರೆಯೊಡನೆ ಅನೇಕ ಕೃತಿಗಳಲ್ಲಿ ರಾಗದ ಹೆಸರನ್ನೂ ಸಾಹಿತ್ಯದೊಳಗೇ ಹೆಣೆದಿಟ್ಟರು. ಅಂಕಿತವನ್ನು ತಿದ್ದಿ ಹಾಡುವ ಜನರೂ ಇದ್ದರೆನ್ನಿ. ಆದರೆ ಅದು ಹಾಡಿನ ಮೈಯಲ್ಲಿಯೇ ಸೇರಿದ್ದುದರಿಂದ ತಾನಾಗಿ ಉದುರಿಹೋಗುವಂತಿರಲಿಲ್ಲ.

ಯಂತ್ರವು ಗಾನವನ್ನು ಹಿಡಿದಿಡಲಾರಂಭಿಸಿದಾಗ ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ತಲೆದೋರಿತು. ೧೯೦೨ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ತಟ್ಟೆಗಳು ಅಚ್ಚಾಗಬೇಕಾದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿನ ಭಾಷೆಯೂ ತಿಳಿಯದು, ಗಾಯಕಿಯ ಪರಿಚಯವೂ ಇಲ್ಲ. ಆದುದರಿಂದ ಹಾಡು ಮುಗಿದೊಡನೆ ಗಾಯಕಿಯೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವ ರೂಢಿಯು ಬಂದಿತು.

ಮುಂದೆ, ೧೯೮೨ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕು ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ ಇಟ್ಟುಕೊಂಡಿತಾದರೂ, ಆರಂಭದಲ್ಲಿ ಹೆಸರಿನ ವಿಷಯದಲ್ಲಿ ಮೂಕವಾಗಿದ್ದಿತು. ಹಾಡುಗಳೆಷ್ಟು, ಒಂದೊಂದು ಎಲ್ಲಿ ಮೊದಲಾಗುವುದು, ಇಷ್ಟೇ ಅದರಲ್ಲಿ ಬರೆದಿದ್ದುದು. ಆ ಕಾಲಾವಧಿಗಳಿಂದಲೇ ತಟ್ಟೆಯ ಗುರುತು ಹಿಡಿಯುವ ಉಪಾಯವನ್ನು ೧೯೯೦ರ ದಶಕದಲ್ಲಿ ಟೀ ಕಾನ್, ಸ್ಟೀವ್ ಶೆರ್ಫ್ ಎಂಬವರು ರೂಪಿಸಿದರು. ಹೆಸರುಗಳನ್ನು ಬೆರಳಚ್ಚಿಸಿ ಕಳುಹಿಸಿದವರು ನಾನಾ ದೇಶಗಳ ಸಂಗೀತಪ್ರಿಯರು, ಯಾರಿಗೂ ಕೂಲಿಯಿಲ್ಲ. ಆ ಭಂಡಾರವು ತರುವಾಯ ಖಾಸಗಿ ಸ್ವತ್ತಾಗಿ ಪರವಾನಗಿಯ ಕಟ್ಟಿಗೆ ಒಳಪಟ್ಟಾಗ ದುಡಿದವರು ಸಿಟ್ಟಿಗೆದ್ದುದು ಸಹಜವೇ. ಎಲ್ಲರಿಗೂ ತೆರೆದಿರುವ ಮ್ಯೂಸಿಕ್‌ಬ್ರೇನ್ಸ್ ಕೋಶವನ್ನು ರಾಬರ್ಟ್ ಕೇ ಆರಂಭಿಸಿದುದಕ್ಕೆ ಇದೇ ಪ್ರೇರಣೆ.

ಎಂ.ಪಿ.೩ ಕಡತಗಳ ಸ್ಥಿತಿಯೂ ಮೊದಮೊದಲು ಹೀಗೆಯೇ ಇದ್ದಿತು. ೧೯೯೬ರಲ್ಲಿ ಎರಿಕ್ ಕೆಂಪನು ಕಡತದ ಕೊನೆಗೆ ೧೨೮ ಬೈಟುಗಳ ಒಂದು ಚೀಟಿಯನ್ನು ಅಂಟಿಸಿದನು. ಐ.ಡಿ.೩ ಟ್ಯಾಗು ಎಂದು ಪ್ರಸಿದ್ಧವಾದುದು ಇದೇ. ಹಳೆಯ ಯಂತ್ರಗಳು ಹಾಡನ್ನು ನುಡಿಸಿ ಮುಗಿಸಿದ ಮೇಲೆ ಎದುರಾಗುವುದರಿಂದ ಅದು ಯಾವುದಕ್ಕೂ ಅಡ್ಡಿಯಾಗದು. ದಾಸರ ಅಂಕಿತ, ಗೌಹರ್ ಜಾನ್ ಅವರ ಕೂಗು, ಕೆಂಪನ ಚೀಟಿ ಮೂರೂ ಹಾಡಿನ ಕೊನೆಯಲ್ಲಿಯೇ ನಿಂತುದು ಆಕಸ್ಮಿಕವಾದರೂ ಸೊಗಸಾಗಿದೆ.

ಆದರೆ ಚೀಟಿಯು ಬಹಳ ಚಿಕ್ಕದು. ಹಾಡಿನ ಹೆಸರಿಗೆ ೩೦ ಬೈಟು, ಕಲಾವಿದನಿಗೆ ೩೦, ಸಂಪುಟಕ್ಕೆ ೩೦, ಟಿಪ್ಪಣಿಗೆ ೩೦, ವರ್ಷಕ್ಕೆ ೪, ಪ್ರಕಾರಕ್ಕೆ ೧. ಯೂನಿಕೋಡಿನ ಯು.ಟಿ.ಎಫ್.-೮ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ೩ ಬೈಟು ಬೇಕು. ಆ ಲೆಕ್ಕದಲ್ಲಿ ‘ಪುರಂದರದಾಸ’ ಎಂಬುದು ೨೭ ಬೈಟುಗಳಲ್ಲಿ ಹಿಡಿದೀತು. ‘ಪುರಂದರದಾಸರು’ ಎಂದರೆ ೩೩! ಗೌರವಕ್ಕೆ ಅಲ್ಲಿ ಸ್ಥಳವಿಲ್ಲ. ಮೊದಲ ಪಟ್ಟಿಯ ೮೦ ಪ್ರಕಾರಗಳಲ್ಲಿ ಪೋಲ್ಕ ಕುಣಿತದ ಸಂಗೀತಕ್ಕೂ ಸ್ಥಾನವಿದ್ದಿತು, ಕರ್ನಾಟಕ ಸಂಗೀತಕ್ಕೆ ಇರಲಿಲ್ಲ. ಹಾಡಿದವರ ಮನೆಯೊಂದನ್ನು ಮಾಡಿ ವಾಗ್ಗೇಯಕಾರರನ್ನು ಹೊರಗೆ ನಿಲ್ಲಿಸಿದುದು ಇದಕ್ಕಿಂತಲೂ ದೊಡ್ಡ ಕೊರತೆ.

೧೯೯೮ರಲ್ಲಿ ಹೊರಬಂದ ಎರಡನೆಯ ಆವೃತ್ತಿಯು ಚೀಟಿಯನ್ನು ಕಡತದ ಮೊದಲಿಗೆ ತಂದು, ರಚಿಸಿದವರಿಗೂ ಸಾಹಿತ್ಯ ಬರೆದವರಿಗೂ ಬೇರೆಬೇರೆ ಮನೆಗಳನ್ನು ಕೊಟ್ಟು, ಯೂನಿಕೋಡಿನ ಮೂಲಕ ಕನ್ನಡ ಲಿಪಿಗೂ ಎಡೆಮಾಡಿತು. ಬಳಸುವವರು ತಾವೇ ಹೆಸರಿಟ್ಟುಕೊಳ್ಳುವ ಮನೆಗಳೂ ಉಂಟು. ರಾಗತಾಳಗಳನ್ನು ಅಲ್ಲಿ ನಮೂದಿಸಬಹುದು. ಹೀಗೆ ಬರೆದಿಟ್ಟ ಸಂಗ್ರಹದಲ್ಲಿ ಒಂದೇ ಕೃತಿಯು ಹಾಡಿದವರ ಹೆಸರಿನಿಂದಲೂ, ಕಟ್ಟಿದವರ ಹೆಸರಿನಿಂದಲೂ, ರಾಗದಿಂದಲೂ ಕೈಗೆ ಸಿಕ್ಕುವುದು. ಇದ್ದ ಸ್ಥಳದಿಂದ ಅದನ್ನು ಕದಲಿಸಬೇಕಾಗಿಲ್ಲ. ಬರೆಯುವ ಶ್ರಮ ಮಾತ್ರ ಸಂಗ್ರಹಕಾರನದೇ.

ಗೌಹರ್ ಜಾನ್ ಅವರು ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ತಟ್ಟೆಗಳು ಈಗ ಕಡತಗಳಾಗಿ ಮನೆಮನೆಯ ಸಂಗ್ರಹಗಳಿಗೆ ಬಂದಿವೆ. ಚೀಟಿಯು ಬರಿದಾಗಿದ್ದರೂ ಹಾಡು ಮುಗಿದ ಮೇಲೆ ಅವರ ಹೆಸರು ಅವರ ದನಿಯಲ್ಲಿಯೇ ಕೇಳಿಬರುತ್ತದೆ. ಆ ಕೂಗಿನಲ್ಲಿ ಪಕ್ಕವಾದ್ಯದವರ ಹೆಸರಿಲ್ಲ.